ಪಿಕಪ್‌ಗೆ ಪ್ರೀಮಿಯಂ ಪೆಟ್ರೋಲ್ ಬೇಕಾ? ತಮ್ಮನಿಗೆ ಉತ್ತರ

ತಮ್ಮಾ, ನಿನ್ನ ಮೆಸೇಜ್ ಬೆಳಿಗ್ಗೆಯೇ ನೋಡಿದ್ದೆ. ಗಾಡಿ ಓಡಿಸುತ್ತಿದ್ದೆ, ಆಗ ಹೇಳೋಕೆ ಆಗಲಿಲ್ಲ. ಈಗ ಕೂತು ಹೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳು. ಗ್ರೂಪ್‌ನಲ್ಲಿ ಪಿಕಪ್ ಇಟ್ಟುಕೊಂಡ ಬೇರೆಯವರೂ ಇದ್ದೀರಿ, ನೀವೂ ಕೇಳಿ.

ನೀನು ಕೇಳಿದ್ದು ಇಷ್ಟು. ಹೋದ ತಿಂಗಳು ತಗೊಂಡ ಪೆಟ್ರೋಲ್ ಪಿಕಪ್‌ಗೆ ಪ್ರೀಮಿಯಂ ಹಾಕಿಸಬೇಕಾ, ಸಾದಾ ಸಾಕಾ? ಬಂಕ್‌ನಲ್ಲಿ ಪ್ರತಿ ಸಲ ‘ಪ್ರೀಮಿಯಂ ಹಾಕಿಸಿ ಸರ್, ಮೈಲೇಜ್ ಬರುತ್ತೆ, ಇಂಜಿನ್ ಬಾಳಿಕೆ ಬರುತ್ತೆ’ ಅಂತಾರೆ. ಭಾವನೂ ಹೌದು ಅಂದರು. ಹೊಸದಾಗಿ ಸಾಲ ಮಾಡಿ ಗಾಡಿ ತಗೊಂಡವನು ನೀನು. ಪ್ರತಿ ಟ್ಯಾಂಕ್‌ಗೂ ಜಾಸ್ತಿ ದುಡ್ಡು ಕೊಡೋದು ನನಗೆ ಸರಿ ಕಾಣಲಿಲ್ಲ. ಅದಕ್ಕೇ ಇಷ್ಟೆಲ್ಲ ಹೇಳುತ್ತಿರೋದು.

ಮೊದಲು ಒಂದು ಕೆಲಸ ಮಾಡು. ಪೆಟ್ರೋಲ್ ಹಾಕುವ ಕಡೆಯ ಮುಚ್ಚಳ ತೆಗೆದು ಒಳಗಡೆ ನೋಡು. ಅಲ್ಲಿ ಒಂದು ಚಿಕ್ಕ ಸ್ಟಿಕ್ಕರ್ ಇರುತ್ತೆ, ಧೂಳು ಕೂತಿದ್ದರೆ ಬಟ್ಟೆಯಲ್ಲಿ ಒರೆಸು. ಎಷ್ಟು ಆಕ್ಟೇನ್ ಬೇಕು ಅಂತ ಅದರ ಮೇಲೇ ಬರೆದಿರುತ್ತಾರೆ. ಅಲ್ಲಿ ಇಲ್ಲದಿದ್ದರೆ ಗಾಡಿ ಜೊತೆ ಬಂದ ಪುಸ್ತಕದಲ್ಲಿ ಖಂಡಿತ ಇರುತ್ತೆ. ಪ್ರೀಮಿಯಂ ಹಾಕಲೇಬೇಕು ಅಂತ ಬರೆದಿದ್ದಾರಾ, ಹಾಕಿದರೆ ಒಳ್ಳೇದು ಅಂತ ಬರೆದಿದ್ದಾರಾ, ಅಥವಾ ಸಾದಾ ಪೆಟ್ರೋಲ್‌ನ ನಂಬರ್ ಮಾತ್ರ ಇದೆಯಾ? ಈ ಮೂರರಲ್ಲಿ ನಿನ್ನದು ಯಾವುದು ಅನ್ನೋದರ ಮೇಲೇ ಎಲ್ಲ ನಿಂತಿದೆ.

ಆ ನಂಬರ್ ಏನು ಅಂತ ತಿಳಿದುಕೊಂಡರೆ ಉಳಿದಿದ್ದು ಸುಲಭ. ಆಕ್ಟೇನ್ ಅಂದರೆ ಪೆಟ್ರೋಲ್‌ನ ಶಕ್ತಿ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅದು ಶಕ್ತಿ ಅಲ್ಲ, ತಾಳ್ಮೆ. ಸಿಲಿಂಡರ್ ಒಳಗೆ ಪೆಟ್ರೋಲ್ ಮತ್ತು ಗಾಳಿಯನ್ನು ಪಿಸ್ಟನ್ ಒತ್ತಿ ಹಿಡಿಯುತ್ತೆ. ಒತ್ತಿದಷ್ಟೂ ಬಿಸಿ ಏರುತ್ತೆ. ಸ್ಪಾರ್ಕ್ ಪ್ಲಗ್ ಕಿಡಿ ಕೊಟ್ಟ ಮೇಲೆ ಬೆಂಕಿ ಒಂದು ಕಡೆಯಿಂದ ಹರಡಿಕೊಂಡು ಹೋಗಬೇಕು. ಅಷ್ಟರಲ್ಲಿ ಮೂಲೆಯಲ್ಲಿ ಉಳಿದ ಪೆಟ್ರೋಲ್ ಆ ಬಿಸಿ, ಒತ್ತಡ ತಾಳಲಾರದೆ ತಾನೇ ಹೊತ್ತಿಕೊಂಡುಬಿಟ್ಟರೆ ಬಡಿತ ಶುರು. ಅದಕ್ಕೇ ನಾಕಿಂಗ್ ಅನ್ನೋದು. ಹಾಗೆ ಬೇಗ ಹೊತ್ತಿಕೊಳ್ಳದೆ ಎಷ್ಟು ತಡೆದುಕೊಳ್ಳುತ್ತೆ ಅನ್ನೋದರ ಅಳತೆಯೇ ಆಕ್ಟೇನ್. ಬೇಗ ಬಡಿಯುವ ಹೆಪ್ಟೇನ್ ಅನ್ನೋದಕ್ಕೆ 0, ಚೆನ್ನಾಗಿ ತಾಳುವ ಐಸೊಆಕ್ಟೇನ್‌ಗೆ 100 ಅಂತ ಇಟ್ಟು ಆ ಅಳತೆ ಮಾಡಿದ್ದಾರೆ. ಪ್ರೀಮಿಯಂ ಅಂದರೆ ಈ ಆಕ್ಟೇನ್ ಜಾಸ್ತಿ ಇರೋ ಪೆಟ್ರೋಲ್. ಅದನ್ನು ಹಾಕಿದ ಮಾತ್ರಕ್ಕೆ ಒಂದು ಲೀಟರ್‌ನಲ್ಲಿ ಹೇಳಿಕೊಳ್ಳುವಂಥ ಜಾಸ್ತಿ ಶಕ್ತಿ ಏನೂ ಸಿಗೋದಿಲ್ಲ.

ಈ ಬಡಿತ ನಾನು ಕಿವಿಯಾರೆ ಕೇಳಿದ್ದೇನೆ. ನಿನಗೆ ನೆನಪಿದೆಯಲ್ಲ, ನನ್ನ ಹಳೇ ಪಿಕಪ್, ಕಾರ್ಬ್ಯುರೇಟರ್ ಇದ್ದಿದ್ದು. ಒಂದು ಮಧ್ಯಾಹ್ನ ಹಿಂದೆ ಫುಲ್ ಲೋಡು, ಬಿಸಿಲು ಬೇರೆ. ಏರು ಹತ್ತುವಾಗ ಮೂರನೇ ಗೇರ್‌ನಲ್ಲೇ ಎಳೆಯಲಿ ಅಂತ ಆಕ್ಸಿಲೇಟರ್ ಒತ್ತಿದೆ. ಬಾನೆಟ್ ಕಡೆಯಿಂದ ಟಿಣಿ ಟಿಣಿ ಅಂತ ಸದ್ದು, ತಗಡಿನ ಡಬ್ಬಿಯಲ್ಲಿ ನಾಲ್ಕು ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಕಾಲು ಸ್ವಲ್ಪ ಎತ್ತಿದೆ, ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅದೇ ಸದ್ದು. ಎರಡನೇ ಗೇರ್‌ಗೆ ಇಳಿಸಿಕೊಂಡು ನಿಧಾನಕ್ಕೆ ಹತ್ತಿಸಿದೆ. ಮುಂದಿನ ಟ್ಯಾಂಕ್ ಜಾಸ್ತಿ ಆಕ್ಟೇನ್‌ದು ಹಾಕಿಸಿದೆ. ಅದೇ ಏರು, ಅಷ್ಟೇ ಲೋಡು, ಸದ್ದೇ ಇಲ್ಲ. ಆ ದಿನ ಪ್ರೀಮಿಯಂ ನನಗೆ ಕೊಟ್ಟ ದುಡ್ಡಿಗೆ ಸರಿಯಾಗಿ ಕೆಲಸ ಮಾಡಿತು, ಇಲ್ಲ ಅನ್ನೋದಿಲ್ಲ. ಅಂಥ ಬಡಿತ ಹಾಗೇ ಬಿಟ್ಟರೆ ಪಿಸ್ಟನ್ನೇ ತೂತು ಬೀಳಬಹುದು.

ಆದರೆ ನಿನ್ನ ಗಾಡಿ ಆ ಕಾಲದ್ದಲ್ಲ. ಈಗಿನ ಇಂಜಿನ್‌ಗಳಲ್ಲಿ ನಾಕ್ ಸೆನ್ಸರ್ ಇರುತ್ತೆ. ಬಡಿತದ ಸುಳಿವು ಸಿಕ್ಕ ತಕ್ಷಣ ಕಂಪ್ಯೂಟರ್ ಕಿಡಿ ಕೊಡುವುದನ್ನು ಒಂಚೂರು ತಡ ಮಾಡುತ್ತೆ. ಬಡಿತ ನಿಲ್ಲುತ್ತೆ, ಎಳೆತ ಸ್ವಲ್ಪ ತಗ್ಗುತ್ತೆ. ನಿನ್ನ ಕಿವಿಗೆ ಏನೂ ಕೇಳಿಸೋದೇ ಇಲ್ಲ. ಹಾಗಾಗಿ ಸಾದಾ ಪೆಟ್ರೋಲ್‌ಗೆ ಅಂತಲೇ ಮಾಡಿದ ಇಂಜಿನ್‌ಗೆ ಪ್ರೀಮಿಯಂ ಹಾಕಿದರೆ ಅದರ ತಾಳ್ಮೆಗೆ ಅಲ್ಲಿ ಕೆಲಸವೇ ಇಲ್ಲ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದಲ್ಲಿ ಎಎಎ ಅಂತ ವಾಹನ ಇರುವವರ ದೊಡ್ಡ ಸಂಘ ಇದೆ. ಸಾದಾ ಪೆಟ್ರೋಲ್ ಸಾಕು ಅಂತ ಬರೆದಿರೋ ಗಾಡಿಗಳಿಗೆ 2016ರಲ್ಲಿ ಪ್ರೀಮಿಯಂ ಹಾಕಿ ನೋಡಿದರು. ಅದರಲ್ಲಿ ವಿ8 ಅಂದರೆ ಎಂಟು ಸಿಲಿಂಡರ್ ಇಂಜಿನ್‌ನ ಒಂದು ಪಿಕಪ್ಪೂ ಇತ್ತು, ಟೊಯೊಟಾ ಟಂಡ್ರಾ. ಎಳೆತದಲ್ಲಾಗಲಿ, ಮೈಲೇಜ್‌ನಲ್ಲಾಗಲಿ, ಹೊಗೆಯಲ್ಲಾಗಲಿ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ. ಮಾರನೇ ವರ್ಷ ‘ಪ್ರೀಮಿಯಂ ಹಾಕಿದರೆ ಒಳ್ಳೇದು’ ಅಂತ ಬರೆದಿರೋ ಗಾಡಿಗಳನ್ನು ತಗೊಂಡರು. ಅವುಗಳಲ್ಲಿ ಮೈಲೇಜ್ ಸರಾಸರಿ 2.7 ಶೇಕಡಾ ಏರಿತು, ಶಕ್ತಿ 1.4 ಶೇಕಡಾ.

ಈಗ ಲೆಕ್ಕ ಹಾಕು. ನಿನ್ನ ಗಾಡಿ ಲೀಟರ್‌ಗೆ 10 ಕಿಲೋಮೀಟರ್ ಕೊಡುತ್ತೆ ಅಂತ ಇಟ್ಟುಕೋ. ಪ್ರೀಮಿಯಂ 20 ಶೇಕಡಾ ದುಬಾರಿ ಅಂದುಕೋ. ಕೊಟ್ಟ ದುಡ್ಡು ವಾಪಸ್ ಬರಬೇಕಾದರೆ ಲೀಟರ್‌ಗೆ 12 ಕಿಲೋಮೀಟರ್ ಓಡಬೇಕು. 2.7 ಶೇಕಡಾ ಏರಿದರೆ ಎಷ್ಟಾಯಿತು? 10.27. ಮಿಕ್ಕಿದ್ದು ನಿನ್ನ ಜೇಬಿಂದ ಹೋಯಿತು, ಅಲ್ವಾ? ನಿಮ್ಮಲ್ಲಿ ಎರಡಕ್ಕೂ ಎಷ್ಟು ವ್ಯತ್ಯಾಸ ಇದೆಯೋ ಅದನ್ನೇ ಇಟ್ಟುಕೊಂಡು ನೀನೇ ಲೆಕ್ಕ ಮಾಡಿ ನೋಡು.

ಟರ್ಬೊ ಇಂಜಿನ್ ಆದರೆ ಮಾತು ಸ್ವಲ್ಪ ಬೇರೆ. ಟರ್ಬೊ ಗಾಳಿಯನ್ನು ಒತ್ತಿ ತುಂಬುತ್ತೆ, ಸಿಲಿಂಡರ್ ಒಳಗೆ ಒತ್ತಡ, ಬಿಸಿ ಎರಡೂ ಜಾಸ್ತಿ. ಭಾರ ಎಳೆಯುವಾಗ ಇನ್ನೂ ಜಾಸ್ತಿ. ಅಲ್ಲಿ ಆಕ್ಟೇನ್‌ಗೆ ನಿಜವಾಗಿ ಕೆಲಸ ಇರುತ್ತೆ. ಫೋರ್ಡ್ ಎಫ್-150 ಪಿಕಪ್‌ನ ಟರ್ಬೊ ಇಂಜಿನ್‌ಗೆ ಕಂಪನಿಯೇ ಹೇಳೋದು ಹೀಗೆ: ದಿನದ ಓಡಾಟಕ್ಕೆ ಸಾದಾ ನಡೆಯುತ್ತೆ, ಟ್ರೇಲರ್ ಎಳೆಯೋ ಥರದ ಭಾರೀ ಕೆಲಸಕ್ಕೆ ಪ್ರೀಮಿಯಂ ಹಾಕಿ ಅಂತ. ನನಗೆ ಇದು ತುಂಬಾ ಸರಿ ಅನಿಸುತ್ತೆ. ನಿನ್ನದು ಟರ್ಬೊ ಆಗಿದ್ದು, ಸಾದಾನೂ ನಡೆಯುತ್ತೆ ಅಂತ ಬರೆದಿದ್ದರೆ, ಹಿಂದೆ ಫುಲ್ ಲೋಡು ಹಾಕಿಕೊಂಡು ಬಿಸಿಲಲ್ಲಿ ಏರು ಹತ್ತೋ ದಿನ ಪ್ರೀಮಿಯಂ ಹಾಕಿಸು. ಖಾಲಿ ಗಾಡಿ ತಗೊಂಡು ಓಡಾಡೋ ದಿನ ಬೇಡ.

‘ಹಾಕಲೇಬೇಕು’ ಅಂತ ಬರೆದಿದ್ದರೆ ಮಾತ್ರ ಚೌಕಾಸಿ ಮಾಡಬೇಡ. ಅಂಥ ಇಂಜಿನ್ ಲೆಕ್ಕಾಚಾರ ಮಾಡಿರೋದೇ ಆ ಪೆಟ್ರೋಲ್‌ಗೆ. ಅಪ್ಪಿತಪ್ಪಿ ಒಂದು ಸಲ ಸಾದಾ ಬಿತ್ತು ಅಂದರೆ ಗಾಬರಿ ಬೇಡ. ಲೋಡು ಹಾಕದೆ, ಆಕ್ಸಿಲೇಟರ್ ಜೋರಾಗಿ ಒತ್ತದೆ ಓಡಿಸು, ಟ್ಯಾಂಕ್ ಸ್ವಲ್ಪ ಇಳಿದ ಕೂಡಲೇ ಸರಿಯಾದ್ದು ತುಂಬಿಸು.

ಹಾಂ, ನಂಬರ್ ಓದುವಾಗ ಒಂದು ಎಚ್ಚರ. ಅಮೆರಿಕದವರು ಬರೆಯೋ ಅಳತೆ ಬೇರೆ, ತುಂಬಾ ದೇಶಗಳಲ್ಲಿ ಬರೆಯೋ ಆರ್‌ಒಎನ್ (ರಿಸರ್ಚ್ ಆಕ್ಟೇನ್ ನಂಬರ್) ಅಳತೆ ಬೇರೆ. ಅವರ 87 ಅಂದರೆ ಆರ್‌ಒಎನ್‌ನಲ್ಲಿ ಸುಮಾರು 91, 92 ಆಗುತ್ತೆ. ಅವರ 91 ಅಂದರೆ ಸುಮಾರು 95, 96. ವಿಡಿಯೊ ನೋಡಿ ‘ಅವರು 91 ಹಾಕುತ್ತಾರೆ’ ಅಂತ ಹೋಲಿಸಿಕೊಳ್ಳಬೇಡ. ನಿನ್ನ ಗಾಡಿಯ ಮೇಲೆ ಯಾವ ಅಳತೆ ಬರೆದಿದೆಯೋ ಅದನ್ನೇ ಹಿಡಿ.

ಇಂಜಿನ್ ಕ್ಲೀನ್ ಆಗುತ್ತೆ ಅಂತಾರಲ್ಲ, ಅದರಲ್ಲಿ ಸ್ವಲ್ಪ ನಿಜ ಇದೆ. ಕೆಲವು ಕಂಪನಿಗಳು ಪ್ರೀಮಿಯಂಗೆ ಕೊಳೆ ತೆಗೆಯೋ ಔಷಧ ಜಾಸ್ತಿ ಬೆರೆಸುತ್ತವೆ. ಆದರೆ ಅದಕ್ಕೂ ಆಕ್ಟೇನ್‌ಗೂ ಸಂಬಂಧ ಇಲ್ಲ, ಒಳ್ಳೇ ಸಾದಾ ಪೆಟ್ರೋಲ್‌ನಲ್ಲೂ ಅದು ಇರಬಹುದು. ಇನ್ನೊಂದು, ಪೆಟ್ರೋಲನ್ನು ನೇರ ಸಿಲಿಂಡರ್ ಒಳಗೇ ಚಿಮ್ಮಿಸೋ ಇಂಜಿನ್‌ಗಳಲ್ಲಿ ಗಾಳಿ ಒಳಗೆ ಬಿಡೋ ಇನ್‌ಟೇಕ್ ವಾಲ್ವ್ ಮೇಲೆ ಪೆಟ್ರೋಲ್ ಹರಿಯೋದೇ ಇಲ್ಲ. ಹರಿಯದ ಮೇಲೆ ಅಲ್ಲಿ ಕೂತ ಮಸಿಯನ್ನು ಅದು ತೊಳೆಯೋದಾದರೂ ಹೇಗೆ?

ಭಾವ, ನಿಮಗೂ ಒಂದು ಮಾತು. ನಿಮ್ಮದು ಡೀಸೆಲ್ ಪಿಕಪ್. ಡೀಸೆಲ್‌ಗೆ ಆಕ್ಟೇನ್ ಅಲ್ಲ, ಸೀಟೇನ್ ಅಂತ ಬೇರೆ ಅಳತೆ. ಅಲ್ಲಿ ಇಂಧನ ಬೇಗ ಹೊತ್ತಿಕೊಳ್ಳಬೇಕು, ಪೆಟ್ರೋಲ್‌ಗೆ ಪೂರಾ ಉಲ್ಟಾ. ಪ್ರೀಮಿಯಂ ಡೀಸೆಲ್ ಹಾಕಿದರೆ ನಿಮ್ಮ ಗಾಡಿ ಚಳಿಯಲ್ಲಿ ಚೆನ್ನಾಗಿ ಸ್ಟಾರ್ಟ್ ಆಗುತ್ತೆ ಅಂದಿರಿ, ಸೀಟೇನ್ ಜಾಸ್ತಿ ಇದ್ದರೆ ಹಾಗಾಗಬಹುದು, ಒಪ್ಪುತ್ತೇನೆ. ಆದರೆ ಆ ಅನುಭವ ತಮ್ಮನ ಪೆಟ್ರೋಲ್ ಇಂಜಿನ್‌ಗೆ ಹೊಂದೋದಿಲ್ಲ. ತಪ್ಪು ತಿಳಿಯಬೇಡಿ.

ನನ್ನ ಈಗಿನ ಗಾಡಿಯಲ್ಲಿ ನಾನೇ ಬರೆದಿಟ್ಟು ನೋಡಿದ್ದೇನೆ. ಮೂರು ಟ್ಯಾಂಕ್ ಸಾದಾ, ಮೂರು ಟ್ಯಾಂಕ್ ಪ್ರೀಮಿಯಂ. ಪ್ರತಿ ಸಲ ಫುಲ್ ಮಾಡಿಸಿ, ಎಷ್ಟು ಕಿಲೋಮೀಟರ್, ಎಷ್ಟು ಲೀಟರ್ ಅಂತ ಡ್ಯಾಶ್‌ಬೋರ್ಡ್‌ನಲ್ಲಿಟ್ಟ ಸಣ್ಣ ಪುಸ್ತಕದಲ್ಲಿ ಬರೆದೆ. ಟಯರ್‌ಗೆ ಗಾಳಿ ಕಮ್ಮಿ ಇದ್ದ ಟ್ಯಾಂಕ್‌ನಲ್ಲಿ ಎಷ್ಟು ಮೈಲೇಜ್ ಬಿದ್ದಿತ್ತೋ, ಪ್ರೀಮಿಯಂ ಹಾಕಿದಾಗ ಅಷ್ಟೂ ಏರಲಿಲ್ಲ. ನೀನೂ ಹೀಗೆ ಬರೆದಿಡು. ಉಳಿದ ದುಡ್ಡಲ್ಲಿ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಾಯಿಸು, ಏರ್ ಫಿಲ್ಟರ್ ತೆಗೆದು ನೋಡು, ವಾರಕ್ಕೊಮ್ಮೆ ಗಾಳಿ ಚೆಕ್ ಮಾಡಿಸು. ಎಳೆಯುವಾಗ ಟಿಣಿ ಟಿಣಿ ಸದ್ದು ಕೇಳಿಸಿದರೆ ಮಾತ್ರ ಸುಮ್ನೆ ಇರಬೇಡ. ಸರಿಯಾದ ಪೆಟ್ರೋಲ್ ಹಾಕಿದ ಮೇಲೂ ಬಡಿದರೆ ಮೆಕ್ಯಾನಿಕ್ ಹತ್ತಿರ ತೋರಿಸಲೇಬೇಕು.

ಸಂಜೆ ಆ ಮುಚ್ಚಳದ ಒಳಗಿನ ಸ್ಟಿಕ್ಕರ್‌ನ ಫೋಟೊ ತೆಗೆದು ಇಲ್ಲೇ ಹಾಕು. ಪುಸ್ತಕದ ಆ ಪುಟದ್ದೂ ಹಾಕು. ನೋಡಿ ಹೇಳುತ್ತೇನೆ.