ಬೆಳಕಿಗಿಂತ ವೇಗವಾಗಿ ದೂರವಾಗುವ ಗೆಲಾಕ್ಸಿ ನಮಗೆ ಕಾಣುವುದು ಹೇಗೆ?

ಪ್ರಶ್ನೆ (ಶಿರಸಿಯ ಅಡಿಕೆ ಬೆಳೆಗಾರರು): ಬೆಳಕನ್ನು ಮೀರಿ ಯಾವುದೂ ಓಡಲಾರದು ಎಂದು ಕಲಿತಿದ್ದೇವೆ. ದೂರದ ಗೆಲಾಕ್ಸಿಗಳು ಬೆಳಕಿಗಿಂತ ವೇಗವಾಗಿ ದೂರವಾಗುತ್ತಿವೆ ಎಂದು ಮಗಳು ಓದಿ ಹೇಳಿದಳು. ಎರಡರಲ್ಲಿ ಒಂದು ಸುಳ್ಳಿರಬೇಕಲ್ಲವೇ? ಹಾಗೆ ದೂರವಾಗುವುದರ ಬೆಳಕು ನಮ್ಮನ್ನು ಮುಟ್ಟುವುದಾದರೂ ಹೇಗೆ?

ಉತ್ತರ (ಕಾರವಾರದ ಭೌತಶಾಸ್ತ್ರ ಉಪನ್ಯಾಸಕ): ಎರಡೂ ನಿಜ. ನಿಮ್ಮ ತೋಟದಿಂದಲೇ ಆರಂಭಿಸುತ್ತೇನೆ. 9 ಅಡಿಗೊಂದರಂತೆ ನೆಟ್ಟ ಅಡಿಕೆ ಮರಗಳ ಸಾಲು. ಒಂದು ಗಂಟೆಯಲ್ಲಿ ನೆಲವೇ ಹಿಗ್ಗಿ ಪ್ರತಿ ಅಂತರವೂ 18 ಅಡಿಯಾಯಿತು ಎನ್ನಿ. ಯಾವ ಮರವೂ ಬೇರು ಕಿತ್ತು ನಡೆಯಲಿಲ್ಲ. ಆದರೂ ನೀವು ನಿಂತಲ್ಲಿಂದ ಪಕ್ಕದ ಮರ 9 ಅಡಿ ಸರಿಯಿತು, ಹತ್ತನೆಯದು 90 ಅಡಿ, ಸಾವಿರದನೆಯದು 9,000 ಅಡಿ. ಸಾಲು ಉದ್ದವಾದಷ್ಟೂ ಆಚೆಯ ಮರದ ‘ವೇಗ’ ಏರುತ್ತದೆ, ಅದಕ್ಕೆ ಮಿತಿಯಿಲ್ಲ. ಯಾವ ಮರದ ಬುಡದಲ್ಲಿ ನಿಂತರೂ ಲೆಕ್ಕ ಇದೇ, ಹಾಗಾಗಿ ಕೇಂದ್ರವೆಂಬುದೂ ಇಲ್ಲ.

ವಿಶ್ವದಲ್ಲಿ ಈ ಹಿಗ್ಗುವಿಕೆ ಪ್ರತಿ 32.6 ಲಕ್ಷ ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ) ದೂರಕ್ಕೆ ಸೆಕೆಂಡಿಗೆ ಸುಮಾರು 70 ಕಿಲೋಮೀಟರ್. 1905ರಲ್ಲಿ ಐನ್‌ಸ್ಟೀನ್ ಹಾಕಿದ ಮಿತಿ ಬೇರೆಯ ವಿಷಯಕ್ಕೆ: ಪಕ್ಕದಲ್ಲೇ ಸಾಗುವ ಬೆಳಕಿನ ಕಿರಣವನ್ನು ಯಾವ ವಸ್ತುವೂ ಹಿಂದೆ ಹಾಕಲಾರದು. ಆ ನಿಯಮವನ್ನು ಯಾವ ಗೆಲಾಕ್ಸಿಯೂ ಮುರಿದಿಲ್ಲ.

ಇನ್ನು ಎರಡನೆಯ ಪ್ರಶ್ನೆ. ಇದು ನನಗೆ ಬಹಳ ಪ್ರಿಯವಾದದ್ದು. ಕಾಳಿ ನದಿಯ ಅಳಿವೆಯಲ್ಲಿ ಇಳಿತ ಬಲವಾಗಿರುವಾಗ ಸಣ್ಣ ದೋಣಿಯೊಂದು ಒಳಗೆ ಬರಲು ಹೆಣಗುವುದನ್ನು ನೋಡಿ. ಮುಖ ನಮ್ಮ ಕಡೆಗಿದ್ದರೂ ನೀರು ಅದನ್ನು ಕಡಲಿನತ್ತ ಒಯ್ಯುತ್ತದೆ. ಇಳಿತದ ಜೋರು ತಗ್ಗಿದಾಗ ಅದೇ ದೋಣಿ, ಅದೇ ವೇಗದಲ್ಲಿ ಹುಟ್ಟು ಹಾಕುತ್ತಾ ದಡ ಸೇರುತ್ತದೆ. ಜಿಎನ್-ಝಡ್11 ಎಂಬ ಗೆಲಾಕ್ಸಿಯ ಬೆಳಕಿನ ಕತೆಯೂ ಹೀಗೆಯೇ. ಆ ಬೆಳಕು ಹೊರಟಾಗ ಗೆಲಾಕ್ಸಿ ನಮ್ಮಿಂದ ಸುಮಾರು 270 ಕೋಟಿ ಜ್ಯೋತಿರ್ವರ್ಷ ದೂರದಲ್ಲಿತ್ತು. ತಲುಪಲು ಹಿಡಿದದ್ದು ಮಾತ್ರ ಸುಮಾರು 1,340 ಕೋಟಿ ವರ್ಷ! ಮೊದಮೊದಲು ನಮ್ಮತ್ತ ಸಾಗುತ್ತಲೇ ಅದು ನಮ್ಮಿಂದ ದೂರವಾಗುತ್ತಿತ್ತು. ಹಿಗ್ಗುವಿಕೆಯ ದರ ಇಳಿದ ಮೇಲೆ ಹತ್ತಿರವಾಯಿತು. ಆ ಗೆಲಾಕ್ಸಿ ಈಗ ಸುಮಾರು 3,200 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಒಂದು ಎಚ್ಚರಿಕೆ: ನದಿಗೆ ದಂಡೆಯಿದೆ, ವಿಶ್ವಕ್ಕೆ ಇಲ್ಲ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯಬೇಡಿ.

ಮರುಪ್ರಶ್ನೆ (ಅವರೇ): ಹಾಗಾದರೆ ಶಿರಸಿಯಿಂದ ಕಾರವಾರದ ದೂರವೂ ಹಿಗ್ಗುತ್ತಿದೆಯೇ?

ಉತ್ತರ: ಇಲ್ಲ. ಬಂಡೆಯನ್ನು ಪರಮಾಣುಗಳ ನಡುವಿನ ವಿದ್ಯುತ್ ಬಲವೂ ಭೂಮಿ, ಸೌರಮಂಡಲಗಳನ್ನು ಗುರುತ್ವವೂ ಬಿಗಿಹಿಡಿದಿವೆ. ಹಿಗ್ಗುವುದು ಗೆಲಾಕ್ಸಿಗಳ ಗುಂಪುಗಳ ನಡುವಿನ ಅಂತರ. ನಮ್ಮ ಗುಂಪಿನದೇ ಆದ ಆಂಡ್ರೊಮಿಡಾ ಗೆಲಾಕ್ಸಿ ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತಲೇ ಬರುತ್ತಿದೆ. ಬಲೂನಿನ ಮೇಲೆ ಶಾಯಿಯ ಚುಕ್ಕಿ ಇಟ್ಟು ಊದಿ ತೋರಿಸುವ ಪಾಠ ಇಲ್ಲಿ ದಾರಿ ತಪ್ಪಿಸುತ್ತದೆ, ಏಕೆಂದರೆ ಚುಕ್ಕಿಗಳೂ ದೊಡ್ಡದಾಗುತ್ತವೆ. ನಾನು ಎಳ್ಳಿನ ಕಾಳು ಅಂಟಿಸುತ್ತೇನೆ. ಕಾಳು ಹಾಗೆಯೇ ಉಳಿಯುತ್ತದೆ, ನಡುವಿನ ರಬ್ಬರ್ ಹಿಗ್ಗುತ್ತದೆ.

ಪ್ರಶ್ನೆ (ಬೈತಖೋಲ ಬಂದರಿನ ದೋಣಿ ಮಾಲೀಕರು): ಇಳಿತದ ಮಾತು ಅರ್ಥವಾಯಿತು. ಆದರೆ ಐನ್‌ಸ್ಟೀನರ ಸಾಪೇಕ್ಷತೆ ಎಂದರೆ ‘ಎಲ್ಲವೂ ಅವರವರ ದೃಷ್ಟಿ’ ಎಂದಷ್ಟೇ ಅಲ್ಲವೇ? ಕಡಲಿಗೆ ಹೋಗುವ ನಮಗೆ ಅದರಿಂದ ಏನು?

ಉತ್ತರ: ಆ ಹೆಸರೇ ಜನರನ್ನು ತಪ್ಪು ದಾರಿಗೆ ಎಳೆದಿದೆ ಎಂಬ ಬೇಸರ ನನಗಿದೆ. ಸಿದ್ಧಾಂತ ನಿಂತಿರುವುದು ಎಲ್ಲರಿಗೂ ಒಂದೇ ಆಗಿರುವುದರ ಮೇಲೆ: ದಡದಲ್ಲಿ ನಿಂತವನು ಅಳೆದರೂ ಓಡುವ ದೋಣಿಯಲ್ಲಿರುವವನು ಅಳೆದರೂ ಬೆಳಕಿನ ವೇಗ ಸೆಕೆಂಡಿಗೆ 2,99,792 ಕಿಲೋಮೀಟರ್. ಬದಲಾಗುವುದು ಗಡಿಯಾರ. ನಿಮ್ಮ ದೋಣಿಯ ಜಿಪಿಎಸ್‌ಗೆ ಸಂಕೇತ ಕಳಿಸುವ ಉಪಗ್ರಹಗಳು 20,200 ಕಿಲೋಮೀಟರ್ ಎತ್ತರದಲ್ಲಿವೆ. ಅಲ್ಲಿ ಗುರುತ್ವ ದುರ್ಬಲವಾದ್ದರಿಂದ ಗಡಿಯಾರ ದಿನಕ್ಕೆ 45 ಮೈಕ್ರೋಸೆಕೆಂಡು (ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ಒಂದು ಮೈಕ್ರೋಸೆಕೆಂಡು) ಮುಂದೆ ಓಡುತ್ತದೆ, ವೇಗದಿಂದಾಗಿ 7 ಹಿಂದೆ ಬೀಳುತ್ತದೆ. ಉಳಿಯುವುದು 38. ಸಂಕೇತ ಬರಲು ಹಿಡಿದ ಹೊತ್ತಿನಿಂದಲೇ ಜಿಪಿಎಸ್ ದೂರ ಅಳೆಯುವುದು, ಅಷ್ಟು ಹೊತ್ತಿನಲ್ಲಿ ಬೆಳಕು 11 ಕಿಲೋಮೀಟರ್ ದಾಟಿರುತ್ತದೆ. ಅದಕ್ಕಾಗಿಯೇ ಉಪಗ್ರಹ ಹಾರುವ ಮೊದಲೇ ನೆಲದ ಮೇಲೆ ಅದರ ಗಡಿಯಾರವನ್ನು ಅಷ್ಟರ ಮಟ್ಟಿಗೆ ನಿಧಾನಗೊಳಿಸಿಯೇ ಕಳಿಸುತ್ತಾರೆ.