ಗಿಡ್ಡ ಕೂದಲು, ಎಳೆಯ ನೋಟ: ಸ್ಟೈಲಿಸ್ಟ್ ಮೇಡಂಗೆ ಕೇಳಿ

ಅಡ್ಮಿನ್: ವಯಸ್ಸು ಕಡಿಮೆ ಕಾಣೋ ಹಾಗೆ ಗಿಡ್ಡ ಕೂದಲು ಮಾಡಿಸೋದು ಹೇಗೆ ಅನ್ನೋದು ಇವತ್ತಿನ ವಿಷಯ. ಗುಂಪಿನ ಹೇರ್ ಸ್ಟೈಲಿಸ್ಟ್ ಮೇಡಂ ಉತ್ತರ ಕೊಡ್ತಾರೆ. ಕೂದಲು ತೆಳುವೋ ದಪ್ಪವೋ, ನೇರವೋ ಗುಂಗುರೋ, ಬಣ್ಣ ಹಾಕಿದ್ದೀರೋ ಇಲ್ಲವೋ ಬರೆದು ಕೇಳಿ. ಫಾರ್ವರ್ಡ್ ಹಾಕಬೇಡಿ.

ಎಂ. ಕೆ.: ದುಂಡು ಮುಖ, ನೇರ ಕೂದಲು, 45 ವರ್ಷ. ಯಾವ ಕಟ್ ಒಪ್ಪುತ್ತೆ ಮೇಡಂ?

ಸ್ಟೈಲಿಸ್ಟ್: ಕೆನ್ನೆ ಎಲ್ಲಿ ಹೆಚ್ಚು ಅಗಲವೋ ಅಲ್ಲಿಗೆ ಕೂದಲ ತುದಿ ಬರಬಾರದು. ಬಂದರೆ ಮುಖ ಇನ್ನೂ ಅಗಲ ಕಾಣುತ್ತೆ. ಗದ್ದದಿಂದ 2-3 ಸೆಂ.ಮೀ. ಕೆಳಗೆ ನಿಲ್ಲೋ ಬಾಬ್ ಮಾಡಿಸಿ, ಇಲ್ಲಾಂದ್ರೆ ನೆತ್ತಿಯಲ್ಲಿ ಎತ್ತರ ಇಟ್ಟು ಪಕ್ಕ ಅಂಟಿಸಿದ ಪಿಕ್ಸಿ, ಅಂದ್ರೆ ಹುಡುಗರ ಥರ ತೀರಾ ಗಿಡ್ಡ ಕಟ್. ಬೈತಲೆ ನಡುವೆ ಬೇಡ, ಪಕ್ಕಕ್ಕೆ ತೆಗೀರಿ.

ಆರ್. ಜೆ.: ಗದ್ದದ ಕೆಳಗೆ ಪೆನ್ಸಿಲ್ ಅಡ್ಡ ಹಿಡಿದು, ಕಿವಿಹಾಲೆಯಿಂದ ಪೆನ್ಸಿಲ್‌ವರೆಗೆ ಸ್ಕೇಲಲ್ಲಿ ಅಳೆದಾಗ 5.7 ಸೆಂ.ಮೀ.ಗಿಂತ ಕಡಿಮೆ ಬಂದ್ರೆ ಮಾತ್ರ ಗಿಡ್ಡ ಕೂದಲು ಒಪ್ಪುತ್ತಂತೆ. ನನ್ನದು 6.2. ಆಸೆ ಬಿಟ್ಟುಬಿಡ್ಲಾ?

ಸ್ಟೈಲಿಸ್ಟ್: ಬಿಡಬೇಡಿ. ಆ ಅಳತೆಯಿಂದ ನಿಮ್ಮ ದವಡೆ ಉದ್ದ ಅಂತ ಗೊತ್ತಾಗುತ್ತೆ, ಅಷ್ಟೇ. ಕೂದಲಿನ ದಟ್ಟಣೆ, ಸುಳಿ, ಕತ್ತಿನ ಉದ್ದ ಯಾವುದೂ ಅದರಲ್ಲಿಲ್ಲ. ಉದ್ದ ಮುಖಕ್ಕೆ ನೆತ್ತಿಯಲ್ಲಿ ಎತ್ತರ ಕೊಡಬೇಡಿ, ಹುಬ್ಬು ಮುಟ್ಟೋ ಫ್ರಿಂಜ್ (ಹಣೆ ಮೇಲೆ ಇಳಿಬಿಡೋ ಕೂದಲು) ಇಟ್ಟು ಕಿವಿಯ ಮಟ್ಟದಲ್ಲಿ ಸ್ವಲ್ಪ ಅಗಲ ಬಿಡಿಸಿ.

ಎಸ್. ಬಿ.: ಗುಂಗುರು, ದಪ್ಪ ಕೂದಲು. ಬಾಬ್ ಮಾಡಿಸಿದೆ. ಮೇಲೆ ಚಪ್ಪಟೆ, ಕೆಳಗೆ ತ್ರಿಕೋನ. ಹೇಳಿದ್ದಕ್ಕಿಂತ ಮೇಲಕ್ಕೂ ಹೋಗಿದೆ.

ಸ್ಟೈಲಿಸ್ಟ್: ಒದ್ದೆಯಲ್ಲಿ ಎಳೆದು ಹಿಡಿದು ಒಂದೇ ಮಟ್ಟಕ್ಕೆ ಕತ್ತರಿಸಿದ್ದಾರೆ. ಗುಂಗುರು ಒಣಗಿದಾಗ ಮೇಲಕ್ಕೆ ಸುರುಳಿಕೊಳ್ಳುತ್ತೆ, ಅದಕ್ಕೇ ಬೇಕಾದ ಉದ್ದಕ್ಕಿಂತ 3-5 ಸೆಂ.ಮೀ. ಹೆಚ್ಚು ಬಿಟ್ಟು, ಒಣಗಿದ ಮೇಲೆ ಸುರುಳಿ ನೋಡ್ಕೊಂಡು ಮುಗಿಸಬೇಕು. ತ್ರಿಕೋನ ಸರಿಹೋಗೋಕೆ ಮೇಲಿನ ಅರ್ಧದಲ್ಲಿ ಉದ್ದ ಲೇಯರ್ ತೆಗೆಸಿ. "ತೆಳು ಮಾಡ್ತೀನಿ" ಅಂತ ಹಲ್ಲಿನ ಕತ್ತರಿ ಹಿಡಿದರೆ ಬೇಡ ಅನ್ನಿ. ಒಳಗೆ ಉಳಿಯೋ ಮೋಟು ಕೂದಲು ಹೊರಗಿನದನ್ನ ತಳ್ಳಿ ಇನ್ನೂ ಉಬ್ಬಿಸುತ್ತೆ. ರೇಜರ್ ಕೂಡ ಬೇಡ, ತುದಿ ಸೀಳುತ್ತೆ.

ಕೆ. ವಿ.: ದುಂಡು ಮುಖಕ್ಕೆ ಯಾವುದು ಒಪ್ಪುತ್ತೆ ಮೇಡಂ?

ಸ್ಟೈಲಿಸ್ಟ್: ಮೊದಲ ಉತ್ತರ ಓದಿ.

ಪಿ. ಎನ್.: 54 ವರ್ಷ, ಮುಟ್ಟು ನಿಂತು 3 ವರ್ಷ. ತೆಳು, ನೇರ ಕೂದಲು. ಹಣೆ ಅಂಚು ಹಿಂದೆ ಸರೀತಾ ಇದೆ, ಕಣತಲೆ ಹತ್ರ ಖಾಲಿ. ಹುಬ್ಬೂ ಹೋಗಿ ಪೆನ್ಸಿಲ್‌ನಲ್ಲಿ ಬರ್ಕೊಳ್ತೀನಿ. ಫಾರ್ವರ್ಡ್ ನೋಡಿ ಬೆಳ್ಳುಳ್ಳಿ ಅರೆದು ಹಚ್ಚಿ, ಬಟ್ಟೆ ಕಟ್ಕೊಂಡು ಮಲಗಿದ್ದೆ. ಈಗ ಅಲ್ಲಿ ಕೆಂಪಾಗಿ ಉರೀತಿದೆ. ಮುಂದಿನ ವಾರ ಸಮಾರಂಭ. ಫ್ರಿಂಜ್ ಇಟ್ಟು ಪಿಕ್ಸಿ ಮಾಡಿಸಿ, ಕಪ್ಪು ಬಣ್ಣ ಹಾಕಿಸಿದ್ರೆ ಆಗುತ್ತಾ?

ಸ್ಟೈಲಿಸ್ಟ್: ಉಳಿದವರು ಸ್ವಲ್ಪ ಕಾಯಿರಿ.

ಮೊದಲು ಬೆಳ್ಳುಳ್ಳಿ. ಹಸಿ ಬೆಳ್ಳುಳ್ಳಿ ಅರೆದು ಕಟ್ಟಿದರೆ ಚರ್ಮ ಸುಡುತ್ತೆ. ನಿಮಗಾಗಿರೋದು ಸುಟ್ಟ ಗಾಯ. ತಣ್ಣೀರಲ್ಲಿ ತೊಳೆದು ಸುಮ್ಮನೆ ಬಿಡಿ, ಮೇಲೆ ಎಣ್ಣೆ, ನಿಂಬೆರಸ ಏನೂ ಬೇಡ. ಗುಳ್ಳೆ ಎದ್ದಿದ್ದರೆ ಇವತ್ತೇ ಡಾಕ್ಟರಿಗೆ ತೋರಿಸಿ. ಆ ಚರ್ಮದ ಮೇಲೆ ಬಣ್ಣ ಹಾಕೋ ಮಾತೇ ಇಲ್ಲ. ಕಪ್ಪು ಡೈಗಳಲ್ಲಿ ಹೆಚ್ಚಾಗಿ ಪಿಪಿಡಿ ಅನ್ನೋ ಬಣ್ಣದ ಕೆಮಿಕಲ್ ಇರುತ್ತೆ. ಗಾಯದ ಚರ್ಮಕ್ಕೆ ಅದರ ಅಲರ್ಜಿ ಒಮ್ಮೆ ಹತ್ತಿದರೆ ಮುಂದೆ ಪ್ರತಿ ಸಲವೂ ಕಾಡುತ್ತೆ. ಗಾಯ ಪೂರ್ತಿ ಮಾಗಿದ ಮೇಲೂ ಹಚ್ಚೋಕೆ 48 ಗಂಟೆ ಮೊದಲು ಪ್ಯಾಚ್ ಟೆಸ್ಟ್, ಅಂದ್ರೆ ಚರ್ಮಕ್ಕೆ ಚೂರು ಹಚ್ಚಿ ನೋಡೋದು, ಮಾಡಲೇಬೇಕು.

ನನಗೆ ಇದಕ್ಕಿಂತ ಚಿಂತೆ ಆಗ್ತಿರೋದು ನಿಮ್ಮ ಹುಬ್ಬಿನ ಬಗ್ಗೆ. ಹೆಂಗಸರಿಗೆ ವಯಸ್ಸಾಗಿ ಕೂದಲು ತೆಳುವಾಗುವಾಗ ಸಾಮಾನ್ಯವಾಗಿ ಬೈತಲೆ ಅಗಲ ಆಗುತ್ತೆ, ಹಣೆಯ ಅಂಚು ಬಹುಮಟ್ಟಿಗೆ ಉಳಿಯುತ್ತೆ. ನಿಮ್ಮದರಲ್ಲಿ ಅಂಚೇ ಸರೀತಿದೆ, ಹುಬ್ಬೂ ಹೋಗ್ತಿದೆ. ಹೆಚ್ಚಾಗಿ ಮುಟ್ಟು ನಿಂತ ಮೇಲೆ ಬರೋ ಫ್ರಂಟಲ್ ಫೈಬ್ರೋಸಿಂಗ್ ಅಲೊಪೇಶಿಯಾ ಅಂತ ಒಂದು ಕಾಯಿಲೆ ಇದೆ. ಅದರಲ್ಲಿ ಕೂದಲ ಬುಡವೇ ಕಲೆಗಟ್ಟಿ ಮುಚ್ಚಿಹೋಗುತ್ತೆ. ಹಾಗೆ ಹೋದ ಕೂದಲು ವಾಪಸ್ ಬರಲ್ಲ, ಬೇಗ ತೋರಿಸಿದರೆ ಇರೋದನ್ನ ಉಳಿಸಿಕೊಳ್ಳಬಹುದು. ಥೈರಾಯ್ಡ್ ತೊಂದರೆಯಲ್ಲೂ ಹುಬ್ಬಿನ ಹೊರತುದಿ ತೆಳುವಾಗುತ್ತೆ. ನಿಮ್ಮದು ಯಾವುದು ಅಂತ ಹೇಳಬೇಕಾದವರು ಚರ್ಮದ ಡಾಕ್ಟರು, ನಾನಲ್ಲ. ಈಗಲೇ ಕಿಟಕಿ ಬೆಳಕಲ್ಲಿ ಕನ್ನಡಿ ಹಿಡಿದು ನೋಡಿ. ಸುಟ್ಟ ಜಾಗ ಬಿಟ್ಟು ಉಳಿದ ಕಡೆ, ಕೂದಲು ಹೋದ ಪಟ್ಟಿಯ ಚರ್ಮ ಹಣೆಗಿಂತ ಬಿಳುಚಿ, ನುಣುಪಾಗಿ, ಸಣ್ಣ ರಂಧ್ರಗಳೇ ಇಲ್ಲದ ಹಾಗಿದೆಯಾ? ಅದರ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಕೂದಲು ನಿಂತಿದೆಯಾ?

ಇನ್ನು ಕಟ್. ಪಿಕ್ಸಿ ಮಾಡಿಸಿದರೆ ಮುಚ್ಚಬೇಕಾದ ಅಂಚೇ ಬಯಲಾಗುತ್ತೆ, ಬೇಡ. ದವಡೆ ಮಟ್ಟಕ್ಕೆ ಬ್ಲಂಟ್ ಬಾಬ್ ಮಾಡಿಸಿ. ತುದಿ ಒಂದೇ ಗೆರೆಯಲ್ಲಿ ನಿಂತರೆ ತೆಳು ಕೂದಲೂ ದಟ್ಟ ಕಾಣುತ್ತೆ. ಕತ್ತಿನ ಹತ್ತಿರ ಸ್ವಲ್ಪ ಮೋಟಾಗಿ, ಮೇಲೆ ಹೋದಂತೆ ಉದ್ದ ಬರುವ ಹಾಗೆ ಜೋಡಿಸಿದರೆ ಹಿಂದೆ ಉಬ್ಬು ತಾನಾಗಿ ಬರುತ್ತೆ. ಮೇಲಿನ ಕೂದಲು 12 ಸೆಂ.ಮೀ.ಗಿಂತ ಕಡಿಮೆ ಮಾಡಿಸಬೇಡಿ, ಬುರುಡೆ ಕಾಣುತ್ತೆ. ಫ್ರಿಂಜ್ ಬೇಕೇ ಬೇಕು ಅಂದ್ರೆ ಅಂಚಿನಿಂದ 3 ಸೆಂ.ಮೀ. ಒಳಗಿನವರೆಗಿನ ತ್ರಿಕೋನದಷ್ಟೇ ತೆಗೆಸಿ, ಪಕ್ಕಕ್ಕೆ ಇಳಿಬಿಡಿ. ಅದಕ್ಕಿಂತ ಆಳಕ್ಕೆ ಹೋದರೆ ನೆತ್ತಿ ಬರಿದಾಗುತ್ತೆ. ಸಮಾರಂಭದ ದಿನ ಮುಕ್ಕಾಲು ಭಾಗ ತಾನಾಗೇ ಒಣಗಲಿ. ಆಮೇಲೆ ಬೈತಲೆಯ ಎದುರು ದಿಕ್ಕಿಗೆ ಬುಡವನ್ನ ಬಾಚುತ್ತಾ ಡ್ರೈಯರ್ ಹಿಡಿದು, ತಣ್ಣನೆ ಗಾಳಿ ಬಿಟ್ಟು, ವಾಪಸ್ ತಿರುಗಿಸಿ. ಬಿಸಿ ಗಾಳಿ ಗಾಯದ ಹತ್ತಿರ ಬೇಡ.

ಜಿ. ಟಿ.: ಬೆಳ್ಳುಳ್ಳಿ ಒಳ್ಳೇದೇ. ಅವರು ರಾತ್ರಿಯಿಡೀ ಇಟ್ಟಿದ್ದು ತಪ್ಪು. ಜೇನು ಬೆರೆಸಿ ಅರ್ಧ ಗಂಟೆ ಇಟ್ರೆ ಏನೂ ಆಗಲ್ಲ.

ಸ್ಟೈಲಿಸ್ಟ್: ಉರೀತಿರೋ ತಲೆ ಮುಂದೆ ಕೂತು ಅಳತೆ ಹೇಳಬೇಡಿ. ಬೇಡ ಅಂದ್ರೆ ಬೇಡ.

ಜಿ. ಟಿ.: ಸಾವಿರಾರು ಜನ ಮಾಡ್ತಾರೆ ಮೇಡಂ. ಎಲ್ಲಾ ಕೆಮಿಕಲ್ಲೇ ಆಗ್ಬೇಕಾ?

ಎಸ್. ಬಿ.: ಬೆಳ್ಳುಳ್ಳಿಯಲ್ಲಿ ಚರ್ಮ ಸುಡೋದೂ ಕೆಮಿಕಲ್ಲೇ ಸರ್.

ಡಿ. ಎಚ್.: ಗಂಡಸರ ಪ್ರಶ್ನೆ. 48 ವರ್ಷ, ಎರಡೂ ಮೂಲೆ ಹಿಂದೆ ಸರಿದಿದೆ. ಪಕ್ಕದಿಂದ ಎಳೆದು ಮುಚ್ತೀನಿ.

ಸ್ಟೈಲಿಸ್ಟ್: ಎಳೆದು ಮುಚ್ಚೋದೇ ವಯಸ್ಸು ಹೇಳೋದು. ಪಕ್ಕ ಮಷಿನ್‌ಗೆ 2ನೇ ನಂಬರ್ ಗಾರ್ಡ್ ಹಾಕಿಸಿ, ಅಂದ್ರೆ 6 ಮಿ.ಮೀ. ಮೇಲೆ 3-4 ಸೆಂ.ಮೀ. ಬಿಟ್ಟು, ತುದಿ ಏರುಪೇರಾಗಿ ಕತ್ತರಿಸಿ ಮುಂದಕ್ಕೆ ಬಾಚಿ. ಹೊಳೆಯೋ ಜೆಲ್ ಬೇಡ, ಕೂದಲು ಗುಂಪು ಗುಂಪಾಗಿ ಬುರುಡೆ ತೋರಿಸುತ್ತೆ. ಹೊಳಪಿಲ್ಲದ ಹೇರ್ ಕ್ಲೇ, ಬಟಾಣಿ ಕಾಳಷ್ಟು, ಅಂಗೈಯಲ್ಲಿ ಉಜ್ಜಿ ಹಿಂದಿನಿಂದ ಶುರುಮಾಡಿ. 3-4 ವಾರಕ್ಕೊಮ್ಮೆ ಪಕ್ಕ ಮತ್ತೆ ತೆಗೆಸಿ.

ಎಲ್. ಸಿ.: ಆಗಾಗ ಕತ್ತರಿಸಿದ್ರೆ ಕೂದಲು ದಪ್ಪ ಬೆಳೆಯುತ್ತೆ, ಅದಕ್ಕೇ ಗಿಡ್ಡ ಮಾಡಿಸೋದು ಒಳ್ಳೇದು ಅಲ್ವಾ?

ಆರ್. ಜೆ.: ಬೆಳೆಯೋದು ಬುಡದಲ್ಲಿ, ಕತ್ತರಿಸೋದು ತುದಿಯಲ್ಲಿ. ತಿಂಗಳಿಗೆ ಸುಮಾರು 1 ಸೆಂ.ಮೀ., ಕತ್ತರಿಸಿದ್ರೂ ಅಷ್ಟೇ, ಬಿಟ್ರೂ ಅಷ್ಟೇ.

ಎಲ್. ಸಿ.: ನಾನು ಕೇಳಿದ್ದು ಮೇಡಂನ.

ಆರ್. ಜೆ.: ಮೇಡಂ ಬೇರೆ ಹೇಳಲ್ಲ.

ಸ್ಟೈಲಿಸ್ಟ್: ಆರ್. ಜೆ. ಹೇಳಿದ್ದು ಸರಿ. ಸವೆದ ತುದಿ ಹೋಗಿರುತ್ತೆ, ಅದಕ್ಕೆ ದಪ್ಪ ಅನಿಸುತ್ತೆ.

ವೈ. ಎಂ.: ಎಲ್ಲರೂ ಯಾಕೆ ಎಳೇ ಹುಡುಗೀರ ಥರ ಕಾಣ್ಬೇಕು? 60 ಆದವರು 60ರ ಹಾಗೆ ಇದ್ರೆ ಏನಾಗುತ್ತೆ?

ಕೆ. ವಿ.: ನಿಮಗೆ ಬೇಡ ಅಂದ್ರೆ ಗುಂಪು ಬಿಡಿ ಅಕ್ಕ. ಇಲ್ಲಿ ಕೇಳೋರು ಬೇಕು ಅಂತಾನೇ ಕೇಳ್ತಾರೆ.

ವೈ. ಎಂ.: ಗುಂಪು ಬಿಡು ಅನ್ನೋಕೆ ನೀನ್ಯಾರಮ್ಮ? ದುಂಡು ಮುಖ ದುಂಡು ಮುಖ ಅಂತ ಕೇಳಿದ್ದೇ ಕೇಳ್ತಿದ್ದೀಯ.

ಅಡ್ಮಿನ್: ಇಬ್ಬರೂ ನಿಲ್ಲಿಸಿ.

ಟಿ. ಎಸ್.: ಕತ್ತಿನ ಹಿಂದೆ ಎರಡು ಸುಳಿ. ಬಾಬ್ ಮಾಡಿಸಿದಾಗೆಲ್ಲ ಅಲ್ಲಿ ಕೂದಲು ನಿಮಿರಿ ನಿಲ್ಲುತ್ತೆ.

ಸ್ಟೈಲಿಸ್ಟ್: ಒಂದೋ 3 ಸೆಂ.ಮೀ.ಗಿಂತ ಉದ್ದ ಬಿಡಿ, ಭಾರಕ್ಕೆ ಮಲಗುತ್ತೆ. ಇಲ್ಲಾಂದ್ರೆ ನಿಲ್ಲೋಕೂ ಆಗದಷ್ಟು ಮಷಿನ್‌ನಲ್ಲಿ ಬೋಳಿಸಿ. ನಡುವಿನ ಅಳತೆಯಲ್ಲೇ ಎಲ್ಲ ತೊಂದರೆ. ಕತ್ತರಿ ಇಡೋ ಮೊದಲು ಸುಳಿ ತೋರಿಸಿ.

ಎನ್. ಡಿ.: ಪರ್ಮ್ ಮಾಡಿಸಿ ಎಷ್ಟು ದಿನಕ್ಕೆ ಬಣ್ಣ ಹಾಕ್ಬಹುದು?

ಬಿ. ಎ.: ಮೇಡಂ, ದುಂಡು ಮುಖ. ಪ್ಲೀಸ್ ರಿಪ್ಲೈ.

ಸ್ಟೈಲಿಸ್ಟ್: ಇದು ಮೂರನೇ ಸಲ. ಮೇಲೆ ಹೋಗಿ ಓದೋಕೆ ಅರ್ಧ ನಿಮಿಷ ಸಾಕು.

ಬಿ. ಎ.: ಕೇಳಿದ್ದು ತಪ್ಪಾಯ್ತು ಬಿಡಿ.

ಪಿ. ಎನ್.: ಮೇಡಂ, ನೋಡ್ದೆ. ಕಿವಿ ಮುಂದಿನ ಪಟ್ಟಿ ನುಣುಪಾಗೇ ಇದೆ, ನಡುವೆ ನಾಲ್ಕೈದು ಒಂಟಿ ಕೂದಲು. ಸಮಾರಂಭ ಮುಗಿಸಿ ತೋರಿಸ್ಲಾ?

ಸ್ಟೈಲಿಸ್ಟ್: ಬೇಡ, ಮೊದಲು ತೋರಿಸಿ. ಕಟ್ ಯಾವಾಗ ಬೇಕಾದರೂ ಆಗುತ್ತೆ. ಹುಬ್ಬಿನ ಪೆನ್ಸಿಲ್ ಒರೆಸಿಕೊಂಡು ಹೋಗಿ, ಹುಬ್ಬು ಅವರಿಗೆ ಕಾಣಬೇಕು. ಹಣೆ ಕಾಣೋ ಹಳೇ ಫೋಟೋ ಒಂದೆರಡು ಇದ್ದರೆ ತಗೊಂಡು ಹೋಗಿ, ಎಷ್ಟು ಸರಿದಿದೆ ಅಂತ ತಿಳಿಯುತ್ತೆ. ಬೆಳ್ಳುಳ್ಳಿ ಹಚ್ಚಿದ್ದನ್ನೂ ಮುಚ್ಚಿಡದೆ ಹೇಳಿ.

ಜಿ. ಟಿ.: ಡಾಕ್ಟರೂ ಕೊನೆಗೆ ಎಣ್ಣೇನೇ ಕೊಡೋದು.

ಅಡ್ಮಿನ್: ಜಿ. ಟಿ. ಅವರನ್ನ 7 ದಿನ ಮ್ಯೂಟ್ ಮಾಡಿದ್ದೀನಿ. ಇವತ್ತಿಗೆ ಕಾಮೆಂಟ್ ಬಂದ್.