ಬೆಳೆಯುವ ಮಗುವೆಂದು ಒಂದು ಅಳತೆ ದೊಡ್ಡದು ತರಬೇಡಿ

ಆರು ವರ್ಷದ ಮಗನಿಗೆ ಎಟಿವಿ (ಮಣ್ಣಿನ ದಾರಿಯಲ್ಲಿ ಓಡಿಸುವ, ನಾಲ್ಕು ದಪ್ಪ ಚಕ್ರದ ಮೋಟಾರ್ ಗಾಡಿ) ಕೊಡಿಸಬೇಕೆಂದಿದ್ದೇವೆ, ಹೇಗೂ ದುಡ್ಡು ಹಾಕುವುದು ತಾನೆ, 110 ಸಿಸಿಯದನ್ನೇ ತಂದರೆ ನಾಲ್ಕೈದು ವರ್ಷ ಚಿಂತೆಯಿಲ್ಲವಲ್ಲ ಎಂದು ಟೆಕ್ಸಾಸಿನಲ್ಲಿರುವ ಹೊಳಲ್ಕೆರೆಯ ತಂಗಿಯೊಬ್ಬರು ನಮ್ಮ ಬಳಗದಲ್ಲಿ ಕೇಳಿದ್ದಾರೆ. ರಜೆಗೆಂದು ಅಯೋವಾದಿಂದ ದಾವಣಗೆರೆಗೆ ಬಂದಿರುವ ನನಗೆ ಈ ಪ್ರಶ್ನೆ ಇಲ್ಲಿಯೂ ಎದುರಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಾನು ಚಿಕ್ಕವನಿದ್ದಾಗ ಶಾಲೆ ಶುರುವಾಗುವ ಮುಂಚೆ ಚೌಕಿಪೇಟೆಯಲ್ಲಿ ಸಮವಸ್ತ್ರದ ಬಟ್ಟೆ ಕೊಂಡು ದರ್ಜಿಯ ಮುಂದೆ ನಿಂತರೆ, "ಬೆಳೆಯೋ ಹುಡುಗ, ಎರಡಿಂಚು ಒಳಗೆ ಮಡಚಿ ಹೊಲಿಯಪ್ಪ" ಎಂದು ಅಪ್ಪ ಹೇಳದ ವರ್ಷವಿರಲಿಲ್ಲ. ಬೂಟಿನ ತುದಿಗೆ ಹತ್ತಿ ತುರುಕಿಕೊಂಡು ಒಂದು ವರ್ಷ ನಡೆದವನು ನಾನು, ಅದರಿಂದ ನಷ್ಟವೇನೂ ಆಗಲಿಲ್ಲ. ಅದೇ ಲೆಕ್ಕವನ್ನು ಎರಡು ವರ್ಷದ ಹಿಂದೆ, ಏಳು ವರ್ಷದ ಮಗಳನ್ನು ಕರೆದುಕೊಂಡು ಎಟಿವಿ ಮಾರುವ ಮಳಿಗೆಗೆ ಹೋದಾಗಲೂ ಹಾಕಿದೆ. ಮಾರಾಟದವನು ತೋರಿಸಿದ ಗಾಡಿಯ ಮೇಲೆ ಅವಳು ಕುಳಿತಾಗ ಕಾಲಿನ ಹೆಬ್ಬೆರಳಷ್ಟೇ ಫುಟ್‌ರೆಸ್ಟ್ ಮುಟ್ಟುತ್ತಿತ್ತು. ಹ್ಯಾಂಡಲನ್ನು ಪೂರ್ತಿ ಎಡಕ್ಕೆ ತಿರುಗಿಸು ಎಂದೆ. ತಿರುಗಿಸುತ್ತಿದ್ದಂತೆ ಬಲಗೈ ಹಿಡಿಯಿಂದ ಜಾರಿ, ಅವಳ ಎದೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬಿತ್ತು. ಮಡ್‌ಗಾರ್ಡಿನ ಮೇಲೆಯೇ "ಹತ್ತು ವರ್ಷದೊಳಗಿನವರು ಓಡಿಸಬಾರದು" ಎಂಬ ಚೀಟಿ ಅಂಟಿಸಿತ್ತು. ಅದೆಲ್ಲ ಬರೀ ಕಾನೂನಿಗಾಗಿ, ಒಂದು ವರ್ಷದಲ್ಲಿ ಬೆಳೆದುಬಿಡುತ್ತಾಳೆ ಎಂದು ಅವನು ನಕ್ಕ. ನಮ್ಮಪ್ಪನ ಮಾತನ್ನೇ ಅವನ ಬಾಯಲ್ಲಿ ಕೇಳಿದಾಗ ನನಗೆ ನಗು ಬರಲಿಲ್ಲ, ಬರಿಗೈಯಲ್ಲಿ ವಾಪಸು ಬಂದೆವು.

ಆ ಚೀಟಿ ಬರೀ ಕಾನೂನಿಗಾಗಿ ಇರುವುದಲ್ಲ. ಅಮೆರಿಕದಲ್ಲಿ ಹಿಂದೆ ಮಕ್ಕಳ ಎಟಿವಿಗಳನ್ನು ಎಂಜಿನ್ನಿನ ಸಿಸಿ ನೋಡಿ ವಿಂಗಡಿಸುತ್ತಿದ್ದರು, ಈಗ ವೇಗ ನೋಡಿ ವಿಂಗಡಿಸುತ್ತಾರೆ; 2008ರ ಗ್ರಾಹಕ ಸುರಕ್ಷತಾ ಕಾಯ್ದೆಯ ನಂತರ ಈ ಮಾನದಂಡ ಎಲ್ಲ ತಯಾರಕರಿಗೂ ಕಡ್ಡಾಯವಾಯಿತು. ಆರು ವರ್ಷ ಮೇಲ್ಪಟ್ಟವರ ವರ್ಗದ ಗಾಡಿ ಗಂಟೆಗೆ 15 ಮೈಲಿ, ಅಂದರೆ ಸುಮಾರು 24 ಕಿಲೋಮೀಟರ್ ಮೀರಬಾರದು, ಮತ್ತು ಅದನ್ನು 10 ಮೈಲಿಗೆ ಕಟ್ಟಿಹಾಕುವ ವ್ಯವಸ್ಥೆ ಅದರಲ್ಲಿರಬೇಕು. ಹತ್ತು ವರ್ಷದ ವರ್ಗಕ್ಕೆ ಬಂದರೆ ಮಿತಿ ಒಮ್ಮೆಲೇ 30 ಮೈಲಿಗೆ, ಅಂದರೆ 48 ಕಿಲೋಮೀಟರಿಗೆ ಹಾರುತ್ತದೆ. ದಾವಣಗೆರೆಯ ಪಿ.ಬಿ. ರಸ್ತೆಯಲ್ಲಿ ಆಟೋದವರು ಹೋಗುವ ವೇಗ ಅದು. ಒಂದನೇ ತರಗತಿಯ ಹುಡುಗನ ಕೈಗೆ ಅದನ್ನು ಕೊಡುವುದೆಂದರೆ ಏನೆಂದು ನೀವೇ ಯೋಚಿಸಿ.

ವೇಗಕ್ಕಿಂತ ನನಗೆ ಹೆಚ್ಚು ಭಯ ತೂಕದ್ದು. ಅತಿ ಚಿಕ್ಕ 50 ಸಿಸಿ ಗಾಡಿಯೂ ಸುಮಾರು 100 ಕಿಲೋ ತೂಗುತ್ತದೆ, ಆರು ವರ್ಷದ ಮಗು ಇಪ್ಪತ್ತು ಕಿಲೋ. ಎಟಿವಿಯನ್ನು ತಿರುವಿನಲ್ಲಿ, ಇಳಿಜಾರಿನಲ್ಲಿ ಸಮತೋಲನದಲ್ಲಿಡುವುದು ಹ್ಯಾಂಡಲ್ ಮಾತ್ರವಲ್ಲ, ಓಡಿಸುವವನು ಮೈಯನ್ನು ಆ ಕಡೆ ಈ ಕಡೆ ವಾಲಿಸುವುದು. ವಾಲಿಸಲು ಮೈಯಲ್ಲಿ ತೂಕವೇ ಇಲ್ಲದಿದ್ದರೆ ಗಾಡಿ ತನ್ನಿಷ್ಟದಂತೆ ಮಗುಚಿ ಮೇಲೆ ಬೀಳುತ್ತದೆ. ಎಕ್ಸಲರೇಟರ್ ಹೆಬ್ಬೆರಳಿನಿಂದ ಒತ್ತುವಂಥದ್ದು, ಹೆದರಿದ ಮಗು ಹಿಡಿಯನ್ನು ಇನ್ನೂ ಗಟ್ಟಿಯಾಗಿ ಹಿಡಿಯುತ್ತದೆ, ಆಗ ವೇಗ ಇನ್ನೂ ಏರುತ್ತದೆ. ಹದಿನಾರು ತುಂಬದವರು ಎಟಿವಿ ಓಡಿಸಲೇಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತ ಬಂದಿರುವುದು ಸುಮ್ಮನೆ ಅಲ್ಲ. ನಾನು ಅವರ ಮಾತನ್ನು ಪೂರ್ತಿ ಕೇಳಿದವನಲ್ಲ, ಮಗಳಿಗೆ ಎಂಟು ತುಂಬಿದ ಮೇಲೆ ಆರು ವರ್ಷದ ವರ್ಗದ ಗಾಡಿಯನ್ನೇ ತಂದೆ. ಅಲ್ಲಿಯವರೆಗೆ ಅವಳು ಸೈಕಲ್ಲಿನಲ್ಲಿ ಬ್ರೇಕ್ ಹಿಡಿಯುವುದನ್ನು, ಹೇಳಿದ ಜಾಗದಲ್ಲಿ ನಿಲ್ಲಿಸುವುದನ್ನು ಕಲಿಯಲಿ ಎಂದು ಬಿಟ್ಟೆ.

ಕೊಳ್ಳುವುದೇ ಆದರೆ ಮಗನನ್ನು ಕರೆದೊಯ್ದು ಕೂರಿಸದೆ ಕೊಳ್ಳಬೇಡಿ. ಫುಟ್‌ರೆಸ್ಟಿನ ಮೇಲೆ ಎದ್ದು ನಿಂತಾಗ ಸೀಟಿಗೂ ಅವನಿಗೂ ನಡುವೆ ಮೂರರಿಂದ ಆರು ಇಂಚು ಅಂತರವಿರಬೇಕು. ಹಿಡಿಯ ಮೇಲೆ ಕೈಯಿಟ್ಟು ಬೆರಳು ಚಾಚಿದರೆ ನಡುಬೆರಳಿನ ಮೊದಲ ಗೆಣ್ಣು ಬ್ರೇಕ್ ಲಿವರನ್ನು ದಾಟಬೇಕು. ಹ್ಯಾಂಡಲ್ ಎರಡೂ ಕಡೆಗೆ ಪೂರ್ತಿ ತಿರುಗಿದಾಗಲೂ ಎರಡು ಕೈಗಳೂ ಹಿಡಿಯಲ್ಲೇ ಉಳಿಯಬೇಕು. ವೇಗ ಏರದಂತೆ ಎಕ್ಸಲರೇಟರನ್ನು ಕಟ್ಟುವ ಸ್ಕ್ರೂ ಇದೆಯೇ, ಹಿಂದೆ ನಡೆಯುವವರು ಹಗ್ಗ ಎಳೆದರೆ ಎಂಜಿನ್ ಆಫ್ ಆಗುವ ಸ್ವಿಚ್ ಇದೆಯೇ ಎಂದು ನೋಡಿ. ಹೆಲ್ಮೆಟ್ ಸೈಕಲ್ಲಿನದಾಗದು, ಅಮೆರಿಕದಲ್ಲಾದರೆ ಅಲ್ಲಿನ ಸಾರಿಗೆ ಇಲಾಖೆಯ ಡಾಟ್ (DOT) ಗುರುತಿನ, ಭಾರತದಲ್ಲಾದರೆ ಐಎಸ್‌ಐ ಗುರುತಿನ ಮೋಟಾರ್ ಹೆಲ್ಮೆಟ್ಟೇ ಬೇಕು. ಸೀಟು ಉದ್ದವಿದೆಯೆಂದು ತಮ್ಮನನ್ನು ಹಿಂದೆ ಕೂರಿಸುವುದು ಕೂಡದು, ಆ ಉದ್ದವಿರುವುದು ಓಡಿಸುವವನು ಹಿಂದೆ ಮುಂದೆ ಸರಿಯಲೆಂದು.

ಮನೆ ಮುಂದಿನ ರಸ್ತೆಯಲ್ಲೇ ಓಡಿಸಲಿ ಎಂದೂ ಬರೆದಿದ್ದೀರಿ. ಮಕ್ಕಳ ಈ ಗಾಡಿಗಳಲ್ಲಿ ಹಿಂದಿನ ಎರಡು ಚಕ್ರಗಳನ್ನೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ತಿರುವಿನಲ್ಲಿ ಎರಡೂ ಒಂದೇ ವೇಗದಲ್ಲಿ ಸುತ್ತುತ್ತವೆ. ಮಣ್ಣಿನಲ್ಲಿ ಒಂದು ಚಕ್ರ ಜಾರಿ ಸರಿಹೋಗುತ್ತದೆ, ಡಾಂಬರಿನ ಮೇಲೆ ಜಾರದೆ ಕಚ್ಚಿಕೊಂಡರೆ ಗಾಡಿ ಪಲ್ಟಿಯಾಗುತ್ತದೆ.

ಇಲ್ಲಿ ನನ್ನ ಭಾವನವರು ಚನ್ನಗಿರಿ ಕಡೆಯ ಅಡಿಕೆ ತೋಟದಲ್ಲಿ ಮಕ್ಕಳು ಓಡಿಸಲೆಂದು, ಹಗ್ಗ ಎಳೆದು ಸ್ಟಾರ್ಟ್ ಮಾಡುವ ಹೆಸರಿಲ್ಲದ 49 ಸಿಸಿ ಗಾಡಿಯೊಂದನ್ನು ಮೊಬೈಲಿನಲ್ಲಿ ತೋರಿಸಿದರು. ಅದರ ಮೇಲೆ ವಯಸ್ಸಿನ ಚೀಟಿಯೂ ಇಲ್ಲ, ವೇಗ ಕಟ್ಟುವ ಸ್ಕ್ರೂವಿನ ಮಾತೂ ಇಲ್ಲ. ತೋಟದಲ್ಲಿ ಸಾಲಿಗೊಂದು ಬಸಿಗಾಲುವೆ, ಅಡ್ಡಡ್ಡ ಡ್ರಿಪ್ ಪೈಪು, ಮಳೆಯಲ್ಲಿ ನೆನೆದು ಜಾರುವ ಅಡಿಕೆ ಹಾಳೆ. ದೊಡ್ಡವರೇ ನೋಡಿಕೊಂಡು ನಡೆಯುವ ಜಾಗ ಅದು. ತೋಟದಿಂದ ಊರ ರಸ್ತೆಗೆ ಇಳಿದರಂತೂ, ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯ ಮೇಲೆ ಅಪ್ರಾಪ್ತರ ತಪ್ಪಿಗೆ ಪೋಷಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಬೇಡ ಭಾವ ಎಂದೆ, ಸ್ವಲ್ಪ ಮುನಿಸಿಕೊಂಡರು.

ತಂಗೀ, ಆ 110 ಸಿಸಿ ಗಾಡಿಯ ಮಡ್‌ಗಾರ್ಡಿನ ಚೀಟಿಯ ಫೋಟೋ ಕಳುಹಿಸಿ. ಅದರಲ್ಲಿ ಹತ್ತು ಎಂದಿದ್ದರೆ ಈ ವರ್ಷದ ಮಾತು ಅಲ್ಲಿಗೇ ನಿಲ್ಲಲಿ.